ಅಂಗಳದ ಹುಲ್ಲಿಗೆ ಡಿ.ಎ.ಪಿ. ಏಕೆ?

ಎರೆ ಹೊಲದ ಒಕ್ಕಲುಮಕ್ಕಳಿಗೆ ಕರಿಕಿಯಷ್ಟು ಕಾಡಿದ ಕಸ ಇನ್ನೊಂದಿಲ್ಲ. ಕರಿಕಿ ಹತ್ತಿದ ಹೊಲವನ್ನು ಬೇಸಿಗೆಯಲ್ಲಿ ಆಳು ಹಚ್ಚಿ ಮೊಣಕಾಲುದ್ದ ಅಗೆಸಬೇಕು, ಗಂಟು ಗಂಟಾದ ಬೇರುಗಳನ್ನು ಆರಿಸಿ ಬದುವಿಗೆ ಹಾಕಿ ಸುಡಬೇಕು. ಇಷ್ಟು ಮಾಡಿದರೂ ಎಲ್ಲಿಯೋ ಉಳಿದ ಒಂದು ಗೆಣ್ಣಿನಿಂದ ಮುಂದಿನ ಮಳೆಗೆ ಅದು ಮತ್ತೆ ತಲೆ ಎತ್ತುತ್ತದೆ. ಈಗ ಅದೇ ಜಾತಿಯ ಹುಲ್ಲನ್ನು ‘ಬರ್ಮುಡಾ’ ಎಂಬ ಹೆಸರಿನಿಂದ ಚದರ ಅಡಿಯ ಲೆಕ್ಕದಲ್ಲಿ ಹಣ ಕೊಟ್ಟು ತಂದು ಮನೆಯ ಮುಂದೆ ನೆಡುವ ಕಾಲ ಬಂದಿದೆ. ಆಲಮೇಲ, ಸಿಂದಗಿ, ಇಂಡಿ ಭಾಗಗಳಲ್ಲಿ ಕಬ್ಬು, ನಿಂಬೆ, ದ್ರಾಕ್ಷಿ ಬೆಳೆದು ಕೈಯಲ್ಲಿ ನಾಲ್ಕು ಕಾಸು ಕಂಡವರು ಹೊಲದಲ್ಲಿಯೇ ಹೊಸ ಮನೆ ಕಟ್ಟಿಸುತ್ತಾರೆ. ಮನೆಯೊಡನೆ ಮುಂದೊಂದು ಹುಲ್ಲುಹಾಸು ಸಹ ಬರುತ್ತದೆ. ಕಲ್ಯಾಣ ಮಂಟಪ, ಶಾಲೆ, ಪೆಟ್ರೋಲ್ ಪಂಪುಗಳ ಮುಂದೆಯೂ ಇದನ್ನು ಕಾಣಬಹುದು.

ಹುಲ್ಲುಹಾಸು ಬೇಡವೆಂದು ಹೇಳಲು ನಾನು ಇದನ್ನು ಬರೆಯುತ್ತಿಲ್ಲ. ನಮ್ಮಂಥ ಬಿಸಿಲಿನ ನಾಡಿನಲ್ಲಿ ಮನೆಯ ಮುಂದೆ ಅಷ್ಟಿಷ್ಟು ಹಸಿರು ಇರಲಿ, ಧೂಳು ಅಡಗಲಿ, ಮಕ್ಕಳು ಆಡಲಿ ಎಂದು ಬಯಸಿದರೆ ಅದರಲ್ಲಿ ತಪ್ಪೇನೂ ಇಲ್ಲ. ನನ್ನ ತಕರಾರು ಅದಕ್ಕೆ ಹಾಕುವ ಗೊಬ್ಬರದ ಬಗೆಗೆ ಮಾತ್ರ. “ಈ ಹುಲ್ಲಿಗೆ ಯಾವ ಗೊಬ್ಬರ ಹಾಕಬೇಕು?” ಎಂದು ಕೇಳುವ ರೈತರು ಅನೇಕ ವೇಳೆ ಕೇಳುವ ಮೊದಲೇ ಒಂದನ್ನು ಹಾಕಿ ಬಂದಿರುತ್ತಾರೆ. ಕಬ್ಬಿಗೆ ಹಾಕಿ ಉಳಿದ ಅರ್ಧ ಚೀಲ ಡಿ.ಎ.ಪಿ. ಮನೆಯ ಮೂಲೆಯಲ್ಲಿ ಇದ್ದೇ ಇರುತ್ತದೆ. ಚೀಲ ಬಿಚ್ಚಿದ ಮೇಲೆ ತೇವ ಹಿಡಿದು ಗಟ್ಟಿಯಾಗುವ ಬದಲು ಹುಲ್ಲಿಗಾದರೂ ಆಗಲಿ ಎಂದು ಅದನ್ನು ಉಗ್ಗಿಬಿಡುತ್ತಾರೆ. ಒಂದೆರಡು ತಿಂಗಳ ಮೇಲೆ, “ಡಿ.ಎ.ಪಿ. ಹಾಕೀವ್ರಿ ಸಾಹೇಬ್ರ, ಆದ್ರೂ ಹುಲ್ಲು ಹಳದಿನೇ ಅದ” ಎಂಬ ದೂರು ಬರುತ್ತದೆ. ನಮ್ಮ ಸುಣ್ಣಯುಕ್ತ ಎರೆ ಮಣ್ಣಿನಲ್ಲಿ, ಬೇರು ಬಿಟ್ಟು ಹರಡಿದ ಹುಲ್ಲುಹಾಸಿಗೆ ಡಿ.ಎ.ಪಿ.ಯಷ್ಟು ಹೊಂದದ ಗೊಬ್ಬರ ಮತ್ತೊಂದಿಲ್ಲವೆಂಬುದು ನನ್ನ ಸ್ಪಷ್ಟ ಅಭಿಪ್ರಾಯ.

ಮೊದಲು ಲೆಕ್ಕವನ್ನು ನೋಡೋಣ. ಒಂದು ಗುಂಟೆಯೆಂದರೆ 33 ಅಡಿ ಉದ್ದ, 33 ಅಡಿ ಅಗಲದ ಜಾಗ. ಅಂಗಳದ ಹುಲ್ಲು ಸಾಮಾನ್ಯವಾಗಿ ಇಷ್ಟು ಅಥವಾ ಇದಕ್ಕೂ ಕಡಿಮೆ ಇರುತ್ತದೆ. ಇದಕ್ಕೆ ಅರ್ಧ ಚೀಲ, ಅಂದರೆ 25 ಕಿಲೋ ಡಿ.ಎ.ಪಿ. ಹಾಕಿದರೆ ಎಕರೆಗೆ 20 ಚೀಲ ಹಾಕಿದಂತಾಯಿತು. ಹೊಲದಲ್ಲಿ ಯಾರಾದರೂ ಎಕರೆಗೆ 20 ಚೀಲ ಡಿ.ಎ.ಪಿ. ಹಾಕಿದನೆಂದರೆ ಊರವರು ಅವನನ್ನು ಹೇಗೆ ನೋಡುತ್ತಾರೆಂಬುದನ್ನು ನೀವೇ ಊಹಿಸಿರಿ. ಡಿ.ಎ.ಪಿ.ಯಲ್ಲಿ ಶೇಕಡಾ 18 ಸಾರಜನಕ ಮತ್ತು ಶೇಕಡಾ 46 ರಂಜಕ ಇರುತ್ತವೆ. 25 ಕಿಲೋದಲ್ಲಿ ಸಾರಜನಕ ನಾಲ್ಕೂವರೆ ಕಿಲೋ, ರಂಜಕ ಹನ್ನೊಂದೂವರೆ ಕಿಲೋ. ಹುಲ್ಲು ಕೇಳುವುದು ಹೆಚ್ಚಾಗಿ ಸಾರಜನಕವನ್ನು. ನಾವು ಕೊಟ್ಟದ್ದು ಹೆಚ್ಚಾಗಿ ರಂಜಕವನ್ನು. ಒಂದು ಗುಂಟೆ ಹುಲ್ಲು ವರ್ಷವಿಡೀ ಬೆಳೆದು ಹೀರುವ ರಂಜಕ ಒಂದು ಕಿಲೋ ಸಹ ಆಗುವುದಿಲ್ಲ. ಕತ್ತರಿಸಿದ ಹುಲ್ಲನ್ನು ಅಲ್ಲಿಯೇ ಬಿಟ್ಟರಂತೂ ಹೀರಿದ್ದರಲ್ಲಿ ಬಹುಪಾಲು ಮತ್ತೆ ಮಣ್ಣಿಗೇ ಸೇರುತ್ತದೆ. ಉಳಿದ ಹತ್ತು ಕಿಲೋ ಎಲ್ಲಿಗೆ ಹೋಯಿತು?

ಎಲ್ಲಿಗೂ ಹೋಗುವುದಿಲ್ಲ. ರಂಜಕ ನಡೆದಾಡುವ ವಸ್ತುವಲ್ಲ. ಸಾರಜನಕ ನೀರಿನೊಡನೆ ಇಳಿಯುತ್ತದೆ, ಗಾಳಿಯೊಡನೆ ಹಾರುತ್ತದೆ. ರಂಜಕವಾದರೋ ಬಿದ್ದಲ್ಲಿಯೇ ಕುಳಿತುಕೊಳ್ಳುತ್ತದೆ. ನಮ್ಮ ಮಣ್ಣಿನಲ್ಲಿ ಸುಣ್ಣದ ಅಂಶ ಹೆಚ್ಚು. ಕೆದರಿದರೆ ಬಿಳಿ ಹರಳುಗಳು ಕಣ್ಣಿಗೆ ಬೀಳುತ್ತವೆ. ಹೊಲದಲ್ಲಿಯಾದರೆ ಕೂರಿಗೆಯಿಂದ ಗೊಬ್ಬರವನ್ನು ಬೇರಿನ ಮಟ್ಟಕ್ಕೆ ಇಳಿಸುತ್ತೀರಿ. ಹುಲ್ಲುಹಾಸನ್ನು ಹರಗಲು ಬರುವುದಿಲ್ಲ. ಆದುದರಿಂದ ಮೇಲೆ ಉಗ್ಗಿದ ಡಿ.ಎ.ಪಿ.ಯ ರಂಜಕ ಮೇಲಿನ ಒಂದೆರಡು ಅಂಗುಲದಲ್ಲಿಯೇ ಸುಣ್ಣದೊಡನೆ ಕಟ್ಟಿಕೊಂಡು ವರ್ಷದಿಂದ ವರ್ಷಕ್ಕೆ ಸಂಗ್ರಹವಾಗುತ್ತದೆ. ಹೀಗೆ ಸಂಗ್ರಹವಾದ ರಂಜಕ ಸುಮ್ಮನಿದ್ದರೆ ಅಡ್ಡಿ ಇರಲಿಲ್ಲ. ಅದು ಸತು ಮತ್ತು ಕಬ್ಬಿಣ ಗಿಡಕ್ಕೆ ಸಿಗದಂತೆ ಅಡ್ಡ ನಿಲ್ಲುತ್ತದೆ. ಈ ಎರಡು ಲಘು ಪೋಷಕಾಂಶಗಳು ಸುಣ್ಣದ ಮಣ್ಣಿನಲ್ಲಿ ಮೊದಲೇ ಕೊರತೆ. ಹುಲ್ಲು ಹಳದಿಯಾಯಿತೆಂದು ಡಿ.ಎ.ಪಿ. ಹಾಕುತ್ತೀರಿ, ಡಿ.ಎ.ಪಿ. ಹೆಚ್ಚಾಗಿ ಹುಲ್ಲು ಮತ್ತಷ್ಟು ಹಳದಿಯಾಗುತ್ತದೆ, ಗೊಬ್ಬರ ಸಾಲದೆಂದು ಮತ್ತೊಂದು ಬುಟ್ಟಿ ತರುತ್ತೀರಿ.

ಹಳದಿ ಬಣ್ಣವನ್ನು ಓದಲು ಕಲಿತರೆ ಈ ಸುತ್ತಿನಿಂದ ಹೊರಬರಬಹುದು. ಎಲೆ ಹಳದಿಯಾದದ್ದೆಲ್ಲ ಒಂದೇ ಕಾರಣದಿಂದಲ್ಲ. ಬುಡದ ಹಳೆಯ ಎಲೆಗಳು ಮೊದಲು ತುದಿಯಿಂದ ಬಿಳಿಚಿಕೊಂಡು, ಇಡೀ ಹಾಸು ಮಂಕಾಗಿ, ಬೆಳವಣಿಗೆ ನಿಂತಿದ್ದರೆ ಅದು ಸಾರಜನಕದ ಕೊರತೆ. ಹಳೆಯ ಎಲೆ ಹಸಿರಾಗಿಯೇ ಇದ್ದು ತುದಿಯ ಎಳೆಯ ಎಲೆಗಳು ಹಳದಿಯಾಗಿ, ನರ ಮಾತ್ರ ಹಸಿರಾಗಿ ಗೆರೆ ಎಳೆದಂತೆ ಕಾಣುತ್ತಿದ್ದರೆ, ಮುಂದೆ ಎಲೆ ಬಹುತೇಕ ಬೆಳ್ಳಗಾದರೆ ಅದು ಕಬ್ಬಿಣದ ಕೊರತೆ. ಸುಣ್ಣದ ಮಣ್ಣಿನಲ್ಲಿ ಕುಳೆ ಕಬ್ಬು ಬೆಳೆದವರು ಇದನ್ನು ಚೆನ್ನಾಗಿ ಬಲ್ಲರು: ಸಾಲು ಸಾಲೇ ಬೆಳ್ಳಗೆ ತಿರುಗುವುದು ಇದೇ ಕಾರಣದಿಂದ. ಅಲ್ಲಿಯೂ ಮೊದಲು ಬೀಳುವುದು ಯೂರಿಯಾ ಮತ್ತು ಡಿ.ಎ.ಪಿ. ಚೀಲವೇ. ನಿಂಬೆ ಗಿಡದ ಎಲೆ ಚಿಕ್ಕದಾಗಿ ನರಗಳ ನಡುವೆ ಹಳದಿಯಾದಾಗ ಸಹ ಸತು, ಕಬ್ಬಿಣವನ್ನು ನೆನೆಯುವವರು ಕಡಿಮೆ. ಅಂಗಳದ ಹುಲ್ಲಿನ ಬಗೆಗೆ ಕೃಷಿ ಪತ್ರಿಕೆಯಲ್ಲಿ ಇಷ್ಟು ಬರೆಯುವುದಕ್ಕೆ ಇದೇ ಕಾರಣ. ಅಂಗಳದಲ್ಲಿ ಕಣ್ಣು ಮುಚ್ಚಿ ಗೊಬ್ಬರ ಆರಿಸುವ ಕೈಯೇ ಹೊಲದಲ್ಲಿಯೂ ಆರಿಸುತ್ತದೆ. ಅಂಗಳದಲ್ಲಿ ಹೋದದ್ದು ಅರ್ಧ ಚೀಲ, ಹೊಲದಲ್ಲಿ ಹೋಗುವುದು ಹತ್ತಾರು ಚೀಲ.

ಇನ್ನೊಂದು ಹಳದಿಯೂ ಉಂಟು. ಮಳೆಗಾಲದಲ್ಲಿ ವಾರಗಟ್ಟಲೆ ನೀರು ನಿಂತಾಗ, ಅಥವಾ ದಿನವೂ ಪೈಪು ಹಿಡಿದು ನೆಲ ಆರದಂತೆ ನೀರು ಬಿಟ್ಟಾಗ, ಎರೆ ಮಣ್ಣಿನಲ್ಲಿ ಗಾಳಿಯಾಡದೆ ಬೇರು ಕಬ್ಬಿಣವನ್ನು ಹೀರಲಾರದು. ಇದಕ್ಕೆ ಗೊಬ್ಬರ ಬೇಕಿಲ್ಲ. ನೀರು ನಿಲ್ಲಿಸಿ ನೆಲವನ್ನು ನಾಲ್ಕು ದಿನ ಆರಲು ಬಿಟ್ಟರೆ ಹಸಿರು ತಾನಾಗಿ ಮರಳುತ್ತದೆ.

ಸಂಶಯವಿದ್ದರೆ ಒಂದು ಸಣ್ಣ ಪ್ರಯೋಗವನ್ನು ನೀವೇ ಮಾಡಬಹುದು. ಹಳದಿಯಾದ ಹಾಸಿನಲ್ಲಿ ಮೂರು ಅಡಿ ಉದ್ದಗಲದ ಮೂರು ಚೌಕಗಳನ್ನು ಗೂಟ ನೆಟ್ಟು ಗುರುತು ಮಾಡಿರಿ. ಒಂದಕ್ಕೆ ಒಂದು ಚಹಾ ಚಮಚದಷ್ಟು ಯೂರಿಯಾವನ್ನು ಅರ್ಧ ಕೊಡ ನೀರಿನಲ್ಲಿ ಕರಗಿಸಿ ಹಾಕಿರಿ. ಇನ್ನೊಂದರ ಎಲೆಗೆ ಅನ್ನಭೇದಿಯ ದ್ರಾವಣವನ್ನು ಸಿಂಪಡಿಸಿರಿ. ಮೂರನೆಯದಕ್ಕೆ ಬರಿಯ ನೀರು. ಎಂಟು ಹತ್ತು ದಿನಗಳಲ್ಲಿ ಯಾವ ಚೌಕ ಹಸಿರಾಗುತ್ತದೆಯೋ ಅದೇ ನಿಮಗೆ ಉತ್ತರ ಹೇಳುತ್ತದೆ. ಮೂರರಲ್ಲಿ ಯಾವುದೂ ಬದಲಾಗದಿದ್ದರೆ ದೋಷ ಗೊಬ್ಬರದ್ದಲ್ಲ, ನೀರಿನದೋ ಸವಳಿನದೋ ಎಂದು ತಿಳಿಯಬೇಕು. ಇದೇ ಪ್ರಯೋಗವನ್ನು ಕುಳೆ ಕಬ್ಬಿನ ಒಂದು ಸಾಲಿನಲ್ಲಿ ಮಾಡಿದರೂ ಆದೀತು.

ಅನ್ನಭೇದಿಯೆಂದರೆ ಕಬ್ಬಿಣದ ಸಲ್ಫೇಟ್. ಅಂಗಡಿಯಲ್ಲಿ ಕೊಳ್ಳುವಾಗ ಹರಳು ತಿಳಿ ಹಸಿರಾಗಿರುವುದನ್ನು ನೋಡಿ ಕೊಳ್ಳಿರಿ. ಕಂದು ಬಣ್ಣಕ್ಕೆ ತಿರುಗಿದ ಹಳೆಯ ದಾಸ್ತಾನು ಕೆಲಸಕ್ಕೆ ಬಾರದು. ಲೀಟರಿಗೆ 5 ಗ್ರಾಂ ಅನ್ನಭೇದಿ, ಅದರೊಡನೆ 1 ಗ್ರಾಂ ಸಿಟ್ರಿಕ್ ಆಮ್ಲ. ಸಿಟ್ರಿಕ್ ಆಮ್ಲ ಸಿಗದಿದ್ದರೆ ನಮ್ಮ ಭಾಗದಲ್ಲಿ ಚಿಂತೆಯಿಲ್ಲ, ಒಂದು ಲೀಟರಿಗೆ ಒಂದು ನಿಂಬೆಹಣ್ಣಿನ ರಸ ಸರಿಹೋಗುತ್ತದೆ. ಇಂಡಿಯ ನಿಂಬೆಗೆ ಇದೂ ಒಂದು ಉಪಯೋಗ. ಹುಳಿ ಇದ್ದರೆ ದ್ರಾವಣದಲ್ಲಿ ಕಬ್ಬಿಣ ಕೆಡದೆ ಉಳಿಯುತ್ತದೆ. ಗುಂಟೆಗೆ ಎಂಟು ಹತ್ತು ಲೀಟರ್ ದ್ರಾವಣ ಸಾಕು. ಸಂಜೆಯ ಹೊತ್ತಿನಲ್ಲಿ ಎಲೆ ತೊಯ್ಯುವಂತೆ ಸಿಂಪಡಿಸಿ, ಹತ್ತು ಹದಿನೈದು ದಿನಗಳಿಗೊಮ್ಮೆ ಎರಡು ಮೂರು ಸಲ ಮಾಡಬೇಕು. ಸಿಮೆಂಟಿನ ಕಟ್ಟೆ, ಬಿಳಿಯ ಗೋಡೆಗೆ ತಗಲಿದರೆ ತುಕ್ಕಿನ ಕಲೆ ಬೀಳುತ್ತದೆ, ಬೇಗ ಹೋಗುವುದಿಲ್ಲ. ಅನ್ನಭೇದಿಯನ್ನು ಹಾಗೆಯೇ ಮಣ್ಣಿಗೆ ಎರಚುವವರಿದ್ದಾರೆ. ಸುಣ್ಣದ ಮಣ್ಣಿನಲ್ಲಿ ಅದು ಬೇಗನೆ ಗಿಡಕ್ಕೆ ಸಿಗದ ರೂಪಕ್ಕೆ ತಿರುಗುವುದರಿಂದ ಹಾಕಿದ್ದು ವ್ಯರ್ಥ.

ಹಾಗಾದರೆ ಹುಲ್ಲಿಗೆ ಹಾಕಬೇಕಾದದ್ದು ಏನು? ಹುಲ್ಲೆಂದರೆ ಎಲೆ, ಎಲೆಗೆ ಬೇಕಾದದ್ದು ಸಾರಜನಕ. ಪೊಟ್ಯಾಷ್ ನಮ್ಮ ಎರೆ ಮಣ್ಣಿನಲ್ಲಿ ಸಾಮಾನ್ಯವಾಗಿ ಸಾಕಷ್ಟಿದೆ. ಕತ್ತರಿಸಿದ ಹುಲ್ಲನ್ನು ಹೊರಗೆ ಒಯ್ಯದಿದ್ದರೆ ಪೊಟ್ಯಾಷ್ ಚೀಲದ ಗೊಡವೆಯೇ ಬೇಡ. ಮೇಲಾಗಿ ಮ್ಯೂರಿಯೇಟ್ ಆಫ್ ಪೊಟ್ಯಾಷ್ ಒಂದು ಕ್ಲೋರೈಡ್ ಲವಣ. ಕೊಳವೆ ಬಾವಿಯ ನೀರೇ ಉಪ್ಪಾಗಿರುವ ಕಡೆ ಅದನ್ನು ವೃಥಾ ಹಾಕುವುದು ಒಳ್ಳೆಯದಲ್ಲ. ರಂಜಕ ಬೇಕಾಗುವುದು ಒಂದೇ ಸಲ, ಹುಲ್ಲು ನೆಡುವ ಮೊದಲು, ಹೊಸ ಬೇರು ಇಳಿಯಲಿ ಎಂದು. ಆಗ ಗುಂಟೆಗೆ 3 ಕಿಲೋ ಸೂಪರ್ ಫಾಸ್ಫೇಟನ್ನು ಮಣ್ಣಿನಲ್ಲಿ ಬೆರೆಸಿದರೆ ಆಯಿತು. ಅದರೊಡನೆ ಗಂಧಕ ಸಹ ಬರುತ್ತದೆ.

ಸಾರಜನಕ ಕೊಡುವ ಗೊಬ್ಬರಗಳಲ್ಲಿ ಯೂರಿಯಾ, ಅಮೋನಿಯಂ ಸಲ್ಫೇಟ್ ಇವೆರಡೇ ಇಲ್ಲಿ ವಿಚಾರಕ್ಕೆ ಬರತಕ್ಕವು. ಯೂರಿಯಾದಲ್ಲಿ ಶೇಕಡಾ 46, ಅಮೋನಿಯಂ ಸಲ್ಫೇಟಿನಲ್ಲಿ ಸುಮಾರು ಶೇಕಡಾ 20.5 ಸಾರಜನಕ, ಎರಡನೆಯದರಲ್ಲಿ ಶೇಕಡಾ 23ರಷ್ಟು ಗಂಧಕ ಹೆಚ್ಚುವರಿ. ಅಮೋನಿಯಂ ಸಲ್ಫೇಟ್ ಹುಳಿ ಗೊಬ್ಬರ, ಅದು ಮಣ್ಣಿನ ಸುಣ್ಣವನ್ನು ಮುರಿದು ರಸಸಾರವನ್ನು ಇಳಿಸುತ್ತದೆ, ಆದುದರಿಂದ ಎರೆ ಭೂಮಿಗೆ ಅದೇ ಶ್ರೇಷ್ಠ ಎಂಬ ಮಾತು ಪುಸ್ತಕ ಓದಿದವರಿಂದ ಆಗಾಗ ಕೇಳಿಬರುತ್ತದೆ. ಇದನ್ನೂ ಲೆಕ್ಕ ಹಾಕಿ ನೋಡೋಣ. ಒಂದು ಗುಂಟೆಯ ಮೇಲಿನ ಅರ್ಧ ಅಡಿ ಮಣ್ಣು ಸುಮಾರು 18 ಟನ್ ತೂಗುತ್ತದೆ. ಅದರಲ್ಲಿ ಶೇಕಡಾ 10 ಸುಣ್ಣವಿದ್ದರೆ 1800 ಕಿಲೋ ಸುಣ್ಣವಾಯಿತು. ಒಂದು ಕಿಲೋ ಅಮೋನಿಯಂ ಸಲ್ಫೇಟ್ ಹುಟ್ಟಿಸುವ ಹುಳಿ ಒಂದು ಕಿಲೋಕ್ಕಿಂತ ತುಸು ಹೆಚ್ಚು ಸುಣ್ಣವನ್ನು ಮುರಿಯಬಲ್ಲದು. ವರ್ಷಕ್ಕೆ ಆರೂವರೆ ಕಿಲೋ ಗೊಬ್ಬರ ಹಾಕಿದರೆ ಏಳು ಕಿಲೋ ಸುಣ್ಣ ಹೋದೀತು. 1800 ಕಿಲೋ ಕರಗಲು ಇನ್ನೂರೈವತ್ತು ವರ್ಷ ಬೇಕು. ಮೊಮ್ಮಕ್ಕಳ ಕಾಲಕ್ಕೂ ರಸಸಾರ ಇದ್ದಲ್ಲಿಯೇ ಇರುತ್ತದೆ. ಗಂಧಕಕ್ಕಾಗಿ ಅಮೋನಿಯಂ ಸಲ್ಫೇಟ್ ಕೊಳ್ಳುವುದಾದರೆ ಕೊಳ್ಳಿರಿ, ಮಣ್ಣನ್ನು ಬದಲಿಸುತ್ತದೆಂಬ ಆಸೆಯಿಂದ ಕೊಳ್ಳಬೇಡಿರಿ.

ಯೂರಿಯಾ ಅಗ್ಗ. 45 ಕಿಲೋ ಚೀಲಕ್ಕೆ ಈಗಿನ ದರ 266 ರೂಪಾಯಿ 50 ಪೈಸೆ. ಒಂದು ಕಿಲೋ ಸಾರಜನಕಕ್ಕೆ ಸುಮಾರು 13 ರೂಪಾಯಿ ಬಿದ್ದಂತಾಯಿತು. ಆದರೆ ಹುಲ್ಲಿನ ಮೇಲೆ ಉಗ್ಗಿ ಹಾಗೆಯೇ ಬಿಟ್ಟ ಯೂರಿಯಾ ನಮ್ಮ ಬಿಸಿಲಿಗೆ, ನಮ್ಮ ಕ್ಷಾರ ಮಣ್ಣಿಗೆ ಅಮೋನಿಯಾ ಆಗಿ ಗಾಳಿಗೆ ಹಾರಿಹೋಗುತ್ತದೆ. ಕಾಲು ಭಾಗ, ಕೆಲವೊಮ್ಮೆ ಅದಕ್ಕೂ ಹೆಚ್ಚು ಹೀಗೆ ನಷ್ಟವಾಗಬಹುದು. 2015ರಿಂದ ಎಲ್ಲ ಯೂರಿಯಾಕ್ಕೂ ಬೇವಿನ ಎಣ್ಣೆ ಲೇಪಿಸುತ್ತಿರುವುದರಿಂದ ಈ ನಷ್ಟ ಇಲ್ಲವೆಂದು ಕೆಲವರು ತಿಳಿದಿದ್ದಾರೆ. ಬೇವಿನ ಕೆಲಸ ಬೇರೆ: ಅಮೋನಿಯಾ ರೂಪದ ಸಾರಜನಕ ಬೇಗನೆ ನೈಟ್ರೇಟ್ ಆಗಿ ನೀರಿನೊಡನೆ ಹೋಗದಂತೆ ಅದು ತಡೆಯುತ್ತದೆ. ಗಾಳಿಗೆ ಹಾರುವುದನ್ನು ತಡೆಯುವುದು ನಿಮ್ಮ ಪೈಪಿನ ನೀರೇ. ಸುಣ್ಣದ ಮಣ್ಣಿನಲ್ಲಿ ಅಮೋನಿಯಂ ಸಲ್ಫೇಟ್ ಸಹ ಮೇಲೆಯೇ ಬಿದ್ದಿದ್ದರೆ ಇದೇ ರೀತಿ ಹೋಗುತ್ತದೆಂಬುದನ್ನು ಮರೆಯಬಾರದು.

ಪ್ರಮಾಣ ಹೀಗಿರಲಿ: ಒಂದು ಸಲಕ್ಕೆ ಗುಂಟೆಗೆ ಅರ್ಧ ಕಿಲೋ ಯೂರಿಯಾ, ಅಥವಾ ಒಂದು ಕಿಲೋಕ್ಕಿಂತ ತುಸು ಹೆಚ್ಚು ಅಮೋನಿಯಂ ಸಲ್ಫೇಟ್. ಅರ್ಧ ಕಿಲೋ ಎಂದೊಡನೆ ನಗುವವರಿದ್ದಾರೆ. ಎಕರೆಯ ಲೆಕ್ಕಕ್ಕೆ ಅದು 20 ಕಿಲೋ, ವರ್ಷಕ್ಕೆ ಐದಾರು ಸಲ ಹಾಕಿದರೆ ನೂರು, ನೂರಿಪ್ಪತ್ತು ಕಿಲೋ ಆಗುತ್ತದೆ. ಜೂನಿನಿಂದ ಅಕ್ಟೋಬರ್‌ವರೆಗೆ ಸುಮಾರು ತಿಂಗಳಿಗೊಮ್ಮೆ, ಚಳಿ ಹೋದ ಮೇಲೆ ಫೆಬ್ರುವರಿ ಕೊನೆಗೆ ಒಮ್ಮೆ. ಡಿಸೆಂಬರ್, ಜನವರಿಯಲ್ಲಿ ಕರಿಕಿ ಮಲಗಿರುತ್ತದೆ, ಆಗ ಹಾಕಿದ್ದು ದಂಡ. ‘ಮೆಕ್ಸಿಕನ್ ಹುಲ್ಲು’ ಎಂದು ಮಾರುವ ದಟ್ಟನೆಯ ನಿಧಾನ ಹುಲ್ಲಿಗೆ ಇದರ ಅರ್ಧ ಸಾಕು. ಎಲೆಯ ಮೇಲಿನ ಇಬ್ಬನಿ ಆರಿದ ಮೇಲೆ, ಗೊಬ್ಬರಕ್ಕೆ ನಾಲ್ಕರಷ್ಟು ಒಣ ಮರಳು ಬೆರೆಸಿ, ಅರ್ಧವನ್ನು ಉದ್ದಕ್ಕೂ ಅರ್ಧವನ್ನು ಅಡ್ಡಕ್ಕೂ ಉಗ್ಗಬೇಕು. ಹೀಗೆ ಮಾಡದಿದ್ದರೆ ಹಸಿರು ಪಟ್ಟೆ, ಹಳದಿ ಪಟ್ಟೆಗಳಾಗಿ ಅಂಗಳ ಜಮಖಾನೆಯಂತೆ ಕಾಣುತ್ತದೆ. ಉಗ್ಗಿದ ಕೂಡಲೆ ಮಣ್ಣು ಎರಡು ಮೂರು ಅಂಗುಲ ನೆನೆಯುವಂತೆ ನೀರು ಕೊಡಿರಿ. ನೀರಿಲ್ಲದ ದಿನ ಗೊಬ್ಬರದ ಡಬ್ಬಿಯನ್ನು ಮುಟ್ಟಲೇಬಾರದು.

ಇಲ್ಲಿ ಒಂದು ಎಚ್ಚರಿಕೆಯ ಮಾತನ್ನು ಹೇಳಲೇಬೇಕು. ನಮ್ಮ ಮನೆಗಳಲ್ಲಿ ಅಂಗಳದ ಹುಲ್ಲು ಅಂಗಳದ್ದಾಗಿ ಉಳಿಯುವುದಿಲ್ಲ. ಕರುವನ್ನು ಅಲ್ಲಿಯೇ ಕಟ್ಟುತ್ತಾರೆ, ಆಡು ಬಿಡುತ್ತಾರೆ, ಕತ್ತರಿಸಿದ ಹುಲ್ಲನ್ನು ದನದ ಗೋದಲಿಗೆ ಹಾಕುತ್ತಾರೆ. ಯೂರಿಯಾ ಹರಳು ದನದ ಹೊಟ್ಟೆಗೆ ಹೋದರೆ ಅಲ್ಲಿ ಕೂಡಲೆ ಅಮೋನಿಯಾ ಆಗಿ ರಕ್ತಕ್ಕೆ ಸೇರುತ್ತದೆ. ಹೊಟ್ಟೆ ಉಬ್ಬಿ, ನಡುಕ ಹುಟ್ಟಿ, ಕೆಲವೇ ತಾಸುಗಳಲ್ಲಿ ದನ ಸಾಯಬಹುದು. ಯೂರಿಯಾ ಕರಗಿಸಿದ ಬಕೆಟ್ಟಿನ ನೀರನ್ನು ಕುಡಿದರಂತೂ ಉಳಿಯುವುದು ಕಷ್ಟ. ಗೊಬ್ಬರ ಹಾಕಿದ ಹಾಸಿನ ಮೇಲೆ ಕನಿಷ್ಠ ಎರಡು ವಾರ ದನ, ಆಡುಗಳನ್ನು ಬಿಡಬಾರದು. ಆ ಅವಧಿಯಲ್ಲಿ ಕತ್ತರಿಸಿದ ಹುಲ್ಲನ್ನು ಗೋದಲಿಗೆ ಹಾಕದೆ ಅಲ್ಲಿಯೇ ಬಿಡಿರಿ. ಗೊಬ್ಬರದ ಸುಮಾರು ಕಾಲು ಭಾಗ ಸಾರಜನಕ ಮರಳಿ ಸಿಕ್ಕೀತು. ಬಕೆಟ್ಟನ್ನು ತೊಳೆದು ಬೋರಲು ಹಾಕುವ ಕೆಲಸವನ್ನು ಹುಡುಗರಿಗೆ ಬಿಡಬೇಡಿರಿ.

ತಿಪ್ಪೆ ಗೊಬ್ಬರದ ಬಗೆಗೆ ಹೆಚ್ಚು ಹೇಳುವ ಅವಶ್ಯವಿಲ್ಲ, ಅದರ ಗುಣ ನಿಮಗೆ ಗೊತ್ತು. ಹುಲ್ಲು ನೆಡುವ ಮೊದಲು ಗುಂಟೆಗೆ ಒಂದು ಚಕ್ಕಡಿ, ಆಮೇಲೆ ವರ್ಷಕ್ಕೊಮ್ಮೆ ಮಳೆಗಾಲದ ಮುಂದೆ ಜರಡಿ ಹಿಡಿದು ತೆಳುವಾಗಿ ಹರಡಿದರೆ ಉತ್ತಮ. ಆದರೆ ಪೂರ್ತಿ ಕಳಿತದ್ದಾಗಿರಬೇಕು. ಅರೆ ಕಳಿತ ಗೊಬ್ಬರದೊಡನೆ ಕಸದ ಬೀಜ, ಜೇಕಿನ ಗಡ್ಡೆ ಬರುತ್ತವೆ. ಹುಲ್ಲುಹಾಸಿನಲ್ಲಿ ಜೇಕು ಹೊಕ್ಕರೆ ಅದನ್ನು ಹೊರಗೆ ಹಾಕುವುದು ಕರಿಕಿಯನ್ನು ಹೊಲದಿಂದ ಹಾಕಿದಷ್ಟೇ ಕಷ್ಟ. ಹೊರಗಿನಿಂದ ತರಿಸುವ ಕೆಂಪು ಮಣ್ಣಿನ ಬಗೆಗೂ ಇದೇ ಮಾತು. ಹುಲ್ಲು ಹಾಕುವ ಗುತ್ತಿಗೆದಾರರು ಎರೆ ನೆಲದ ಮೇಲೆ ಅರ್ಧ ಅಡಿ ಕೆಂಪು ಮಣ್ಣು ಹಾಸುವುದುಂಟು. ಅಂಥ ಕಡೆ ಹುಲ್ಲಿನ ಬೇರು ಮೊದಲು ಇರುವುದು ಕೆಂಪು ಮಣ್ಣಿನಲ್ಲಿ. ಅದರಲ್ಲಿ ಸಾರಜನಕ ಬೇಗ ತೊಳೆದುಹೋಗುವುದರಿಂದ ಅರ್ಧ ಕಿಲೋವನ್ನು ಎರಡು ಪಾಲು ಮಾಡಿ ಹದಿನೈದು ದಿನಕ್ಕೊಮ್ಮೆ ಹಾಕುವುದು ಲೇಸು. ಸಕ್ಕರೆ ಕಾರ್ಖಾನೆಯ ಪ್ರೆಸ್‌ಮಡ್ ಸಹ ಒಳ್ಳೆಯದೇ, ಆದರೆ ಹಸಿಯದನ್ನು ಮನೆ ಮುಂದೆ ಹಾಕಿದರೆ ಕಾವಿಗೆ ಹುಲ್ಲು ಬೇಯುತ್ತದೆ, ವಾಸನೆಗೆ ಬೀಗರು ಬರುವುದಿಲ್ಲ.

ಪೇಟೆಯಲ್ಲಿ ಈಗ ‘ಲಾನ್ ಗೊಬ್ಬರ’ವೆಂದು ಬಣ್ಣದ ಪೊಟ್ಟಣಗಳು ಬರುತ್ತಿವೆ. ಅವುಗಳಲ್ಲಿ ಮೋಸವಿದೆಯೆಂದು ನಾನು ಹೇಳುವುದಿಲ್ಲ. ಬಹಳಷ್ಟು ಪೊಟ್ಟಣಗಳಲ್ಲಿ ಇರುವುದು ನಿಮಗೆ ಗೊತ್ತಿರುವ ವಸ್ತುಗಳೇ. ಪೊಟ್ಟಣದ ಮೇಲಿನ ಹುಲ್ಲಿನ ಚಿತ್ರವನ್ನು ಬಿಟ್ಟು ಮೂರು ಅಂಕಿಗಳನ್ನು ಓದಿರಿ. ಒಂದು ಕಿಲೋ 19-19-19 ಪೊಟ್ಟಣಕ್ಕೆ 200 ರೂಪಾಯಿ ಎಂದು ಇಟ್ಟುಕೊಳ್ಳಿ. ಅದರಲ್ಲಿ ಸಾರಜನಕ 190 ಗ್ರಾಂ. ಹುಲ್ಲಿಗೆ ಬೇಕಾದ ಸಾರಜನಕ ಕಿಲೋಗೆ ಸಾವಿರ ರೂಪಾಯಿ ಮೀರಿತು, ಬೇಡವಾದ ರಂಜಕ ಜೊತೆಗೆ ಬಂತು. ದ್ರಾಕ್ಷಿ, ದಾಳಿಂಬೆಗೆ ಹನಿ ನೀರಾವರಿಯಲ್ಲಿ ಕೊಡುವಾಗ ಅಂಥ ಗೊಬ್ಬರಕ್ಕೆ ಅರ್ಥವಿದೆ, ಅಂಗಳಕ್ಕೆ ಇಲ್ಲ.

ಇನ್ನು ನನ್ನ ಕೊನೆಯ ತಕರಾರು ನೀರಿನದು. ನಮ್ಮ ಜಿಲ್ಲೆಯ ಮಳೆ ವರ್ಷಕ್ಕೆ 600 ಮಿಲಿಮೀಟರಿನ ಆಸುಪಾಸು, ಅದೂ ನಂಬಿಕೆಯದ್ದಲ್ಲ. 1930ರ ದಶಕದಲ್ಲಿ ವಿಜಯಪುರದಲ್ಲಿ ಒಣ ಬೇಸಾಯದ ಸಂಶೋಧನಾ ಕೇಂದ್ರ ಆರಂಭವಾದದ್ದೇ ಈ ಕಾರಣಕ್ಕಾಗಿ. ಗೊಬ್ಬರ ಹೆಚ್ಚಾದಂತೆ ಹುಲ್ಲು ಎತ್ತರಕ್ಕೆ ಬೆಳೆಯುತ್ತದೆ, ಬೆಳೆದಂತೆ ನೀರು ಕೇಳುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಒಂದು ಗುಂಟೆ ಹುಲ್ಲನ್ನು ಹಸಿರಾಗಿ ಇಡಬೇಕಾದರೆ ದಿನಕ್ಕೆ ಸುಮಾರು 600 ಲೀಟರ್ ನೀರು ಬೇಕು. ಅದು ಹತ್ತು ದೊಡ್ಡ ದನಗಳು ಬೇಸಿಗೆಯಲ್ಲಿ ಕುಡಿಯುವ ನೀರು. ಭೀಮೆ ಬತ್ತಿ, ಕೊಳವೆ ಬಾವಿ ತೇಕುತ್ತಿರುವಾಗ, ಪಕ್ಕದ ನಿಂಬೆ ಗಿಡ ಬಾಡುತ್ತಿರುವಾಗ ಯೂರಿಯಾ ಹಾಕಿ ಹುಲ್ಲನ್ನು ಎಬ್ಬಿಸುವುದು ನನಗೆ ಒಪ್ಪಿಗೆಯಿಲ್ಲ. ಅರ್ಧ ಗುಂಟೆ ಹುಲ್ಲಿದ್ದರೆ ಒಂದು ಮನೆಗೆ ಧಾರಾಳವಾಯಿತು. ಯೂರಿಯಾ ಮಾತು ಬಂದಾಗ ಇದನ್ನೂ ನೆನೆಯಬೇಕು: 2025ರ ಮುಂಗಾರಿನಲ್ಲಿ ರಾಜ್ಯದ ಹಲವು ಕಡೆ ರೈತರು ಒಂದೆರಡು ಚೀಲಕ್ಕಾಗಿ ಬೆಳಗಿನಿಂದ ಸಾಲು ನಿಂತಿದ್ದರು. ಅಂಥ ಹಂಗಾಮಿನಲ್ಲಿ ಅಂಗಳಕ್ಕೆಂದು ಒಂದು ಚೀಲ ಎತ್ತಿಟ್ಟುಕೊಳ್ಳುವುದು ಸರಿಯೇ? ಹೊಲದ ಚೀಲದಲ್ಲಿ ಉಳಿದ ಮೂರು ಕಿಲೋ ಇಡೀ ವರ್ಷಕ್ಕೆ ಸಾಕು. ಅದೂ ಉಳಿಯದಿದ್ದರೆ ತಿಪ್ಪೆ ಗೊಬ್ಬರದ ಮೇಲೆಯೇ ಒಂದು ವರ್ಷ ಹುಲ್ಲು ಬದುಕುತ್ತದೆ.

ಬೇಸಿಗೆಯಲ್ಲಿ ಕರಿಕಿ ಕಂದಾದರೆ ಗಾಬರಿಯಾಗಬೇಡಿರಿ, ಅದು ಸತ್ತಿರುವುದಿಲ್ಲ. ನೀರಿನ ಅಡಚಣೆ ಇದ್ದರೆ ಮೇ ತಿಂಗಳಲ್ಲಿ ಗೊಬ್ಬರ, ಕತ್ತರಿ ಎರಡನ್ನೂ ನಿಲ್ಲಿಸಿ, ಹತ್ತು ಹದಿನೈದು ದಿನಕ್ಕೊಮ್ಮೆ ಬೇರು ಉಳಿಯುವಷ್ಟು ನೀರು ಹಾಕಿರಿ. ಆ ಬಿಡುವಿನಲ್ಲಿ ಮಣ್ಣು ಪರೀಕ್ಷೆ ಮಾಡಿಸಬಹುದು. ಹಾಸಿನ ಎಂಟು ಹತ್ತು ಕಡೆ ನಾಲ್ಕು ಅಂಗುಲ ಆಳದವರೆಗೆ ಮಣ್ಣು ತೆಗೆದು, ಬೇರು ಕಡ್ಡಿ ಆರಿಸಿ, ನೆರಳಿನಲ್ಲಿ ಒಣಗಿಸಿ, ಬೆರೆಸಿ ಅರ್ಧ ಕಿಲೋ ಬಟ್ಟೆಯ ಚೀಲದಲ್ಲಿ ಹಾಕಿ ಇಂಡಿಯ ಅಥವಾ ವಿಜಯಪುರದ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿರಿ. ಕಬ್ಬಿನ ಹೊಲದ ಮಣ್ಣನ್ನು ಸಹ ಬೇರೆ ಚೀಲದಲ್ಲಿ ಒಯ್ದರೆ ಒಂದೇ ಓಡಾಟದಲ್ಲಿ ಎರಡು ಕೆಲಸ ಆಗುತ್ತವೆ. ರಸಸಾರ, ಲವಣ, ಸುಣ್ಣ, ರಂಜಕ ಇವುಗಳೊಡನೆ ಸತು ಮತ್ತು ಕಬ್ಬಿಣವನ್ನೂ ನೋಡುವಂತೆ ಕೇಳಿರಿ. ದಶಲಕ್ಷ ಭಾಗ ಮಣ್ಣಿನಲ್ಲಿ ಗಿಡಕ್ಕೆ ಸಿಗುವ ಸತು 0.6 ಭಾಗಕ್ಕಿಂತ, ಕಬ್ಬಿಣ 4.5 ಭಾಗಕ್ಕಿಂತ ಕಡಿಮೆ ಇದ್ದರೆ ಕೊರತೆ ಇದೆಯೆಂದು ತಿಳಿಯಬೇಕು. ಸತು ಕಡಿಮೆ ಇದ್ದರೆ ಗುಂಟೆಗೆ 250 ಗ್ರಾಂ ಸತುವಿನ ಸಲ್ಫೇಟನ್ನು ಒಂದು ಬುಟ್ಟಿ ಜರಡಿ ಹಿಡಿದ ತಿಪ್ಪೆ ಗೊಬ್ಬರದಲ್ಲಿ ಬೆರೆಸಿ, ಮೊದಲ ಹದ ಮಳೆ ಬಿದ್ದ ಮೇಲೆ ಹರಡಿರಿ. ಮುಂದೆ ಮೂರು ವರ್ಷ ಅದರ ಗೋಜು ಇಲ್ಲ. ಅದಾದ ಒಂದು ವಾರಕ್ಕೆ ಹುಲ್ಲು ಚಿಗುರಿ ನೆಲ ಮುಚ್ಚತೊಡಗಿದಾಗ, ಅರ್ಧ ಕಿಲೋ ಯೂರಿಯಾದ ಮೊದಲ ಕಂತು.